ಸ್ವಂತ ವಾಹನದಲ್ಲಿ ನೇಪಾಳಕ್ಕೆ ಹೊರಡುವ ಕೊಡಗಿನವರಿಗೆ ಒಂದು ಎಚ್ಚರಿಕೆ

ತುಲಾ ಸಂಕ್ರಮಣ ಮುಗಿದು ಕಾಫಿ ಕೊಯ್ಲು ಶುರುವಾಗುವುದಕ್ಕೆ ಮೊದಲು ನಮಗೆ ಸಿಗುವ ಮೂರು ನಾಲ್ಕು ವಾರಗಳ ಬಿಡುವಿನಲ್ಲಿ ನೇಪಾಳಕ್ಕೆ ಗಾಡಿ ಓಡಿಸಿಕೊಂಡು ಹೋಗಿಬರುವ ಮಾತನ್ನು ಈಚೆಗೆ ಮಡಿಕೇರಿಯಲ್ಲಿಯೂ ಗೋಣಿಕೊಪ್ಪದಲ್ಲಿಯೂ ಹಲವರ ಬಾಯಲ್ಲಿ ಕೇಳುತ್ತಿದ್ದೇನೆ. 2024ರ ನವೆಂಬರಿನಲ್ಲಿ ನಾವೂ ಹಾಗೆಯೇ ಹೊರಟವರು. ಹೊರಟ ಐವರಲ್ಲಿ ಯಾರಿಗೂ ಗಾಯವಾಗಲಿಲ್ಲ, ಯಾರೂ ಕಾಯಿಲೆ ಬೀಳಲಿಲ್ಲ. ಆದರೆ ಅಮ್ಮ ಕಾಠ್ಮಂಡುವಿನ ಪಶುಪತಿನಾಥನ ಯಾವ ದರ್ಶನಕ್ಕಾಗಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕುಳಿತು ಬಂದಿದ್ದರೋ ಆ ದರ್ಶನವಿಲ್ಲದೆ ಹಿಂದಿರುಗಿದೆವು. ಕಾರಣ ಒಂದು ಹಾಳೆಯ ಮೇಲಿದ್ದ ಎರಡು ದಿನಾಂಕಗಳು. ಅದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ನಮ್ಮ ತಪ್ಪು ತಿಳಿವಳಿಕೆಯನ್ನು ಹೇಳಬೇಕು. ಮಾಕುಟ್ಟ ಇಳಿದು ಕೇರಳಕ್ಕೆ, ಕುಟ್ಟ ದಾಟಿ ವಯನಾಡಿಗೆ ಹೋಗಿಬರುವುದು ನಮಗೆ ದಿನನಿತ್ಯದ ವಿಷಯ. ನೇಪಾಳದ ಗಡಿಯೂ ತೆರೆದ ಗಡಿ, ಭಾರತೀಯರಿಗೆ ವೀಸಾ ಬೇಡ ಎಂದು ಓದಿಕೊಂಡಿದ್ದ ನಾವು ಅದನ್ನೂ ಇಂಥದೇ ಒಂದು ಗೇಟೆಂದು ಭಾವಿಸಿದ್ದೆವು. 1950ರಲ್ಲಿ ಎರಡು ದೇಶಗಳ ನಡುವೆ ಆದ ಒಪ್ಪಂದದ ಆಧಾರದ ಮೇಲೆ ಜನರು ಮುಕ್ತವಾಗಿ ಓಡಾಡಬಹುದು ಎಂಬುದು ನಿಜ. ಆದರೆ ಆ ಸೌಲಭ್ಯ ಮನುಷ್ಯರಿಗೆ ಮಾತ್ರ ಇರುವುದು. ನಮ್ಮ ನಂಬರ್ ಪ್ಲೇಟಿನ ಗಾಡಿ ಗಡಿ ದಾಟಿದ ಕ್ಷಣದಿಂದ ಅಲ್ಲಿನ ಸುಂಕ ಇಲಾಖೆಯ ಲೆಕ್ಕದಲ್ಲಿ ಅದು ಹೊರದೇಶದಿಂದ ತಾತ್ಕಾಲಿಕವಾಗಿ ಒಳಬಂದ ಒಂದು ಸರಕು. ಅದಕ್ಕೆ ಎಷ್ಟು ದಿನ ಇರಲು ಅನುಮತಿ ಬೇಕೋ ಅಷ್ಟು ದಿನದ ಸುಂಕವನ್ನು ಮುಂಗಡವಾಗಿ ಕಟ್ಟಬೇಕು. ಅದನ್ನು ಅಲ್ಲಿ ಎಲ್ಲರೂ ಭನ್ಸಾರ್ ಎನ್ನುತ್ತಾರೆ. ಅದರ ಜೊತೆಗೆ ರಸ್ತೆಯಲ್ಲಿ ಓಡಿಸಲು ಸಾರಿಗೆ ಇಲಾಖೆಯ ಇನ್ನೊಂದು ಪರವಾನಗಿ, ಅಂದರೆ ಯಾತಾಯಾತ್ ಅನುಮತಿಯೂ ಬೇಕು. ಖಾಸಗಿ ವಾಹನಕ್ಕೆ ವರ್ಷಕ್ಕೆ ಒಟ್ಟು 30 ದಿನಗಳ ಮಿತಿಯೂ ಇದೆ.

ನಾವು ಹೊರಟದ್ದು ಅಮ್ಮ, ಅಕ್ಕ, ಭಾವ, ಅವರ ಹದಿನಾರು ವರ್ಷದ ಮಗ ಮತ್ತು ನಾನು. ಗಾಡಿ ಭಾವನ ಹೆಸರಿನ ಬೊಲೆರೊ. ಹೈದರಾಬಾದ್, ನಾಗಪುರ, ಜಬಲ್ಪುರ, ಪ್ರಯಾಗರಾಜದ ಮೇಲೆ ಗೋರಖಪುರ ತಲುಪಿ, ನವೆಂಬರ್ 5ರ ಬೆಳಿಗ್ಗೆ ಉತ್ತರ ಪ್ರದೇಶದ ಕೊನೆಯ ಊರಾದ ಸೋನೌಲಿಗೆ ಬಂದೆವು. ಛಠ್ ಹಬ್ಬಕ್ಕೆ ಎರಡೇ ದಿನವಿತ್ತು. ಲಾರಿಗಳ ಸಾಲು ಊರಿನ ಹೊರಗಿನಿಂದಲೇ ಆರಂಭವಾಗಿತ್ತು. ನಡುವೆ ಸೈಕಲ್ ರಿಕ್ಷಾ, ತಲೆಯ ಮೇಲೆ ಮೂಟೆ ಹೊತ್ತವರು, ಮಕ್ಕಳನ್ನು ಎತ್ತಿಕೊಂಡವರು. ನಮ್ಮ ಕಡೆ ಸಶಸ್ತ್ರ ಸೀಮಾ ಬಲದವರು ಗುರುತಿನ ಚೀಟಿ ನೋಡಿ, ಗಾಡಿಯ ಹಿಂಭಾಗ ತೆಗೆಸಿ ನೋಡಿ ಬಿಟ್ಟರು. ಆಚೆ ಬದಿಯ ಬೇಲಹಿಯಾದಲ್ಲಿ ಗಾಡಿ ನಿಲ್ಲಿಸುವುದಕ್ಕೆ ಮೊದಲೇ ಒಬ್ಬ ಏಜೆಂಟ್ ಕಿಟಕಿಯ ಪಕ್ಕದಲ್ಲಿ ನಡೆಯತೊಡಗಿದ್ದ.

ಆತ ನಮ್ಮನ್ನು ಹಿಡಿದದ್ದು ಹೇಗೆ ಎಂಬುದನ್ನು ಎಲ್ಲರೂ ಗಮನಿಸಬೇಕು. ನಾವು ಸರತಿಯಲ್ಲಿ ನಿಂತು ನಾವೇ ಕಟ್ಟುತ್ತೇವೆ ಎಂದಾಗ ಆತ ಜಗಳವಾಡಲಿಲ್ಲ, ನಿಮ್ಮಲ್ಲಿ ಯಾವ ನೋಟಿದೆ ಎಂದಷ್ಟೇ ಕೇಳಿದ. ಗೋರಖಪುರದ ಎಟಿಎಮ್ಮಿನಲ್ಲಿ ತೆಗೆದಿದ್ದ ನಮ್ಮ ಹಣವೆಲ್ಲ 500ರ ನೋಟುಗಳಲ್ಲಿತ್ತು. ನೇಪಾಳ ಸರ್ಕಾರ 2018ರ ಡಿಸೆಂಬರಿನಲ್ಲಿ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು, ನಾವು ಹೋದಾಗಲೂ ಆ ನಿಷೇಧ ಜಾರಿಯಲ್ಲಿತ್ತು. ಈ ನೋಟು ಕೌಂಟರಿನಲ್ಲಿ ನಡೆಯುವುದಿಲ್ಲ, ಹಿಡಿದುಕೊಂಡಿದ್ದರೂ ತಪ್ಪು, ನನಗೆ ಕೊಟ್ಟರೆ ನಾನು ನೇಪಾಳಿ ಹಣದಲ್ಲಿ ಕಟ್ಟುತ್ತೇನೆ ಎಂದು ಆತ ಹೇಳಿದ್ದರಲ್ಲಿ ಮೊದಲ ಮಾತು ಸತ್ಯವಾಗಿದ್ದರಿಂದ ಉಳಿದದ್ದನ್ನೂ ನಂಬಿದೆವು. ಏಳು ದಿನಕ್ಕೆಂದು 500ರ ಹದಿನಾಲ್ಕು ನೋಟುಗಳನ್ನು ಭಾವ ಎಣಿಸಿ ಕೊಟ್ಟರು. ಗೋರಖಪುರದಲ್ಲಿಯೇ 100ರ ನೋಟುಗಳನ್ನು ಮಾಡಿಸಿಕೊಂಡಿದ್ದರೆ, ಅಥವಾ ಗಡಿಯಲ್ಲಿ ಹಣ ಬದಲಾಯಿಸಿಕೊಂಡಿದ್ದರೆ, ಆತನಿಗೆ ನಮ್ಮಲ್ಲಿ ಕೆಲಸವೇ ಇರುತ್ತಿರಲಿಲ್ಲ. ಅಲ್ಲಿ ನಮ್ಮ 100 ರೂಪಾಯಿಗೆ 160 ನೇಪಾಳಿ ರೂಪಾಯಿ; ಇದು ನಿಗದಿಯಾದ ದರ, ಚೌಕಾಸಿಯ ವಿಷಯವಲ್ಲ. ನೋಟಿನ ನಿಯಮ ಬದಲಾಗುತ್ತಿರುವುದರಿಂದ ಹೊರಡುವ ವಾರದಲ್ಲಿ ಬ್ಯಾಂಕಿನಲ್ಲಿ ಕೇಳಿಕೊಂಡು ಹೋಗುವುದು ಒಳ್ಳೆಯದು.

ಒಂದೂವರೆ ಗಂಟೆಯ ನಂತರ ಆತ ಮೊಹರು ಹಾಕಿದ ಕಾಗದ ತಂದುಕೊಟ್ಟ. ಕಾಗದ ಅಸಲಿಯೇ, ಅದರಲ್ಲಿ ಯಾವ ಖೋಟಾ ಇರಲಿಲ್ಲ. ಎಲ್ಲವೂ ನೇಪಾಳಿಯಲ್ಲಿ, ಅಂಕೆಗಳೂ ದೇವನಾಗರಿಯಲ್ಲಿ. ಶಾಲೆಯಲ್ಲಿ ಹಿಂದಿ ಓದಿರುವ ಅಕ್ಕನ ಮಗ ಬಾನೆಟ್ಟಿನ ಮೇಲೆ ಕಾಗದ ಹರಡಿ ಓದಿದ. 2081/07/20, ಅದರ ಮುಂದೆ ದೇಖಿ ಎಂಬ ಪದ. ನಂತರ 2081/07/22, ಅದರ ಮುಂದೆ ಸಮ್ಮ ಎಂಬ ಪದ. “ಮಾವ, ಎರಡೂ ಕಡೆ ಏಳು ಅಂತ ಇದೆ, ದೇಖಿ ಅಂದ್ರೆ ನೋಡಿದ್ದಾರೆ ಅಂತ” ಎಂದ. ನಾವು ಕೇಳಿದ್ದು ಏಳು ದಿನ, ಕಾಗದದಲ್ಲಿಯೂ ಏಳು ಕಾಣಿಸಿತು. ಇನ್ನೇನು ಬೇಕೆಂದು ಮಡಿಸಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟೆವು.

ನೇಪಾಳಿಯಲ್ಲಿ ದೇಖಿ ಎಂದರೆ “ಇಂದ”, ಸಮ್ಮ ಎಂದರೆ “ವರೆಗೆ”. ಏಳು ಎಂಬುದು ಅವರ ವರ್ಷದ ಏಳನೆಯ ತಿಂಗಳಾದ ಕಾರ್ತಿಕ. 2081 ಎಂಬುದು ವಿಕ್ರಮ ಸಂವತ್ಸರದ ಲೆಕ್ಕ, ಅದು ನಮ್ಮ ಕ್ಯಾಲೆಂಡರಿಗಿಂತ ಸುಮಾರು 57 ವರ್ಷ ಮುಂದಿದೆ. ಸರ್ಕಾರಿ ಕಾಗದಗಳೆಲ್ಲ ಅದರಂತೆಯೇ ನಡೆಯುತ್ತವೆ. ಅಂದರೆ ಆತ ನಮ್ಮಿಂದ ಏಳು ದಿನದ ಹಣ ಪಡೆದು ಕಾರ್ತಿಕ 20ರಿಂದ 22ರವರೆಗೆ ಮೂರೇ ದಿನಕ್ಕೆ ಕಟ್ಟಿದ್ದ. ರಸೀದಿಯಲ್ಲಿದ್ದ ಮೊತ್ತ ನಾವು ಕೊಟ್ಟದ್ದರ ಕಾಲು ಭಾಗವೂ ಇರಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ನಾಲ್ಕು ದಿನಗಳ ಮೇಲೆ.

ಆ ನಾಲ್ಕು ದಿನ ಚೆನ್ನಾಗಿಯೇ ಕಳೆದವು. ಲುಂಬಿನಿ ನೋಡಿ, ಬುಟವಲ್ ಮತ್ತು ತಾನ್ಸೇನ್ ಮೇಲೆ ಪೊಖರಾಕ್ಕೆ ಹೋಗಿ, ನವೆಂಬರ್ 9ರಂದು ಕಾಠ್ಮಂಡುವಿನ ದಾರಿ ಹಿಡಿದೆವು. ಮುಗ್ಲಿಂಗ್‌ಗೆ ಸ್ವಲ್ಪ ಮೊದಲು ತಪಾಸಣೆಗೆ ನಿಲ್ಲಿಸಿದ ಪೊಲೀಸ್ ಅಧಿಕಾರಿ ಕಾಗದ ನೋಡಿದವರೇ ಎಂಜಿನ್ ಆರಿಸಲು ಹೇಳಿ ಕೀಲಿ ತೆಗೆದುಕೊಂಡರು. ಅನುಮತಿಯ ಅವಧಿ ಮೀರಿದ ಹೊರದೇಶದ ಗಾಡಿಯನ್ನು ಅವರು ವಶಕ್ಕೆ ತೆಗೆದುಕೊಳ್ಳಬಹುದು. ನಾವು ಹಣ ಕೊಟ್ಟದ್ದನ್ನು, ಏಜೆಂಟಿನ ವಿಷಯವನ್ನು ಭಾವ ಹಿಂದಿಯಲ್ಲಿ ವಿವರಿಸಿದಾಗ ಅವರು ತಾಳ್ಮೆಯಿಂದಲೇ ಕೇಳಿದರು. ಆದರೆ ಅವರಿಗೆ ಕಾಣಿಸುತ್ತಿದ್ದದ್ದು ಕಾಗದ ಮಾತ್ರ, ಕಾಗದ ಸುಳ್ಳು ಹೇಳುತ್ತಿರಲಿಲ್ಲ. ಮೇಲಾಗಿ ಅಂದು ಶನಿವಾರ. ಆಗ ನೇಪಾಳದಲ್ಲಿ ವಾರದ ರಜೆ ಶನಿವಾರವಿತ್ತು, ಭಾನುವಾರ ಕಚೇರಿಗಳು ತೆರೆದಿರುತ್ತಿದ್ದವು ಎಂಬುದು ನಮಗೆ ಗೊತ್ತಿರಲಿಲ್ಲ. ನಿರ್ಧಾರ ಹೇಳಬೇಕಾದವರು ಮರುದಿನ ಬರುತ್ತಾರೆಂದು ತಿಳಿದು, ಗಾಡಿಯನ್ನು ಅವರ ಅಂಗಳದಲ್ಲಿ ಬಿಟ್ಟು, ಚೀಲಗಳನ್ನು ಹೊತ್ತುಕೊಂಡು ಅರವತ್ತೆಂಟು ವರ್ಷದ ಅಮ್ಮನನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಮುಗ್ಲಿಂಗ್‌ನ ಒಂದು ಲಾಡ್ಜಿಗೆ ಹೋದೆವು.

ಆ ರಾತ್ರಿ ಅಕ್ಕ ಕ್ಯಾಲೆಂಡರಿನ ಗೊಂದಲವನ್ನು ಅಮ್ಮನಿಗೆ ಬಿಡಿಸಿ ಹೇಳುತ್ತಿದ್ದಳು. ಇವತ್ತು ಇವರಿಗೆ ಕಾರ್ತಿಕ 24 ಅಂತೆ ಎಂದಾಗ ಅಮ್ಮ ಬೆರಳು ಮಡಿಸಿ ಎಣಿಸಿ, “ಸರಿಯಾಗೇ ಇದೆಯಲ್ಲ, ತೀರ್ಥೋದ್ಭವದ ದಿನವನ್ನೂ ಸೇರಿಸಿದರೆ ಇವತ್ತಿಗೆ ಇಪ್ಪತ್ನಾಲ್ಕು” ಎಂದರು. ನಾವೆಲ್ಲ ಒಮ್ಮೆಲೇ ಸುಮ್ಮನಾದೆವು. ಅವರ ತಿಂಗಳುಗಳು ನಮ್ಮ ಸೌರಮಾನದ ತಿಂಗಳುಗಳಂತೆಯೇ ಸಂಕ್ರಮಣದ ಹೊತ್ತಿಗೆ ಬದಲಾಗುತ್ತವೆ. ಆ ವರ್ಷ ತಲಕಾವೇರಿಯಲ್ಲಿ ತೀರ್ಥೋದ್ಭವವಾದ ಅಕ್ಟೋಬರ್ 17 ಅವರಿಗೆ ಕಾರ್ತಿಕದ ಮೊದಲ ದಿನ. ತೀರ್ಥೋದ್ಭವದ ಒಂದು ತಿಂಗಳ ನಂತರ ಬರುವ ಕಿರು ಸಂಕ್ರಮಣದ ಹೊತ್ತಿಗೆ ಅವರ ಮುಂದಿನ ತಿಂಗಳಾದ ಮಂಗ್ಸಿರ್. ಒಂದೊಂದು ದಿನ ಹೆಚ್ಚು ಕಡಿಮೆಯಾಗಬಹುದಾದರೂ ಕೊಡಗಿನ ಯಾವ ಅಜ್ಜಿಯಾದರೂ ಆ ಕಾಗದವನ್ನು ನಮಗಿಂತ ಸರಿಯಾಗಿ ಓದುತ್ತಿದ್ದರು. ಬೇಲಹಿಯಾದಲ್ಲಿ ಅಮ್ಮನನ್ನು ಕೇಳಬೇಕೆಂದು ನಮಗೆ ಹೊಳೆಯಲಿಲ್ಲ.

ಅಮ್ಮ ಭಾಗಮಂಡಲದಿಂದ ತಂದ ತೀರ್ಥದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಊರಿನಿಂದ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರು. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು, ಅವರ ಕೈಗೆ ಕನ್ನಡದಲ್ಲಿಯೇ ಹೇಳಿ ಕೊಡುತ್ತೇನೆ ಎಂಬುದು ಅವರ ಆಸೆಯಾಗಿತ್ತು. ಬಸ್ಸಿನಲ್ಲಿ ಹೋಗಿಬರೋಣ ಎಂದು ನಾನು ಎಷ್ಟು ಹೇಳಿದರೂ, ಗಾಡಿ ಪೊಲೀಸರ ಬಳಿ ಇರುವಾಗ ಬೇಡ ಎಂದು ಅಮ್ಮ ಒಪ್ಪಲಿಲ್ಲ.

ಭಾನುವಾರ ನಮ್ಮಿಂದ ಅರ್ಜಿ ಬರೆಯಿಸಿಕೊಂಡು, ನೇರವಾಗಿ ಗಡಿಗೆ ಹಿಂದಿರುಗಿ ಅಲ್ಲಿಯೇ ಇತ್ಯರ್ಥ ಮಾಡಿಕೊಳ್ಳಬೇಕೆಂಬ ಪತ್ರ ಕೊಟ್ಟು ಕೀಲಿ ಹಿಂದಿರುಗಿಸಿದರು. ನಾರಾಯಣಗಢದಿಂದ ಬುಟವಲ್‌ವರೆಗೆ ಅಗಲೀಕರಣದ ಕೆಲಸ ನಡೆಯುತ್ತಿದ್ದ ಧೂಳಿನ ರಸ್ತೆಯಲ್ಲಿ ಕತ್ತಲಾಗುವವರೆಗೆ ಗಾಡಿ ಓಡಿಸಿ, ಸೋಮವಾರ ಬೆಳಿಗ್ಗೆ ಸುಂಕ ಕಚೇರಿಯ ಕೌಂಟರಿನಲ್ಲಿ ನಿಂತು, ಮೀರಿದ ದಿನಗಳ ದಂಡ ಕಟ್ಟಿದೆವು. ದಂಡದ ದರ ದಿನದ ಸುಂಕದ ಹಲವು ಪಟ್ಟು. ನಾವೇ ನಿಂತು ಕಟ್ಟಿದ ಆ ಕೆಲಸಕ್ಕೆ ಹಿಡಿದದ್ದು ಮುಕ್ಕಾಲು ಗಂಟೆ. ಏಜೆಂಟ್ ಅಲ್ಲೆಲ್ಲೂ ಕಾಣಿಸಲಿಲ್ಲ. ಅವನ ಹೆಸರಾಗಲಿ ನಂಬರಾಗಲಿ ನಾವು ಬರೆದುಕೊಂಡಿರಲೇ ಇಲ್ಲ.

ವಿಮೆಯ ವಿಷಯ ನಮಗೆ ಗೊತ್ತಾದದ್ದೂ ಮುಗ್ಲಿಂಗ್‌ನ ದಾರಿಯಲ್ಲಿಯೇ. ಪೊಲೀಸರಿಗೆ ತೋರಿಸಲು ಪಾಲಿಸಿ ತೆಗೆದಾಗ, ಅದರ ವ್ಯಾಪ್ತಿಯ ಪ್ರದೇಶ ಎಂಬ ಸಾಲಿನಲ್ಲಿ ಭಾರತ ಎಂದಷ್ಟೇ ಇರುವುದನ್ನು ಭಾವ ಮೊದಲ ಬಾರಿ ನೋಡಿದರು. ಐದು ದಿನ ನಾವು ಆ ಬೆಟ್ಟದ ತಿರುವುಗಳಲ್ಲಿ ವಿಮೆಯೇ ಇಲ್ಲದೆ ಓಡಾಡಿದ್ದೆವು. ಹೆಚ್ಚುವರಿ ಕಂತು ಕಟ್ಟಿದರೆ ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಗಳಿಗೆ ಪಾಲಿಸಿಯ ವ್ಯಾಪ್ತಿಯನ್ನು ವಿಸ್ತರಿಸಿಕೊಡುವ ವ್ಯವಸ್ಥೆ ಇದೆ. ಹೊರಡುವ ಮುನ್ನ ಇದೊಂದನ್ನು ದಯವಿಟ್ಟು ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ. ಆರ್‌ಸಿ, ಲೈಸೆನ್ಸ್‌ಗಳ ಮೂಲಪ್ರತಿ ಕೈಯಲ್ಲಿರಲಿ, ಮೊಬೈಲಿನಲ್ಲಿ ತೋರಿಸುತ್ತೇವೆ ಎಂಬ ಭರವಸೆ ಬೇಡ. ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು; ಆಧಾರ್ ಸಲ್ಲುವುದು 15ಕ್ಕಿಂತ ಚಿಕ್ಕವರಿಗೆ ಮತ್ತು 65 ದಾಟಿದವರಿಗೆ. ಅಕ್ಕನ ಮಗನಿಗೆ ಶಾಲೆಯಿಂದ ಫೋಟೊ ಸಹಿತ ಪತ್ರ ಮಾಡಿಸಿದ್ದು ಒಳ್ಳೆಯದಾಯಿತು. ಬೈಲುಕುಪ್ಪೆಯ ಟಿಬೆಟಿಯನ್ ಗೆಳೆಯರನ್ನು ಜೊತೆಗೆ ಕರೆದೊಯ್ಯುವ ಯೋಚನೆಯಿದ್ದರೆ, ಈ ಮುಕ್ತ ಓಡಾಟ ಎರಡು ದೇಶಗಳ ನಾಗರಿಕರಿಗೆ ಮಾತ್ರ ಎಂಬುದು ನೆನಪಿರಲಿ. ಅವರನ್ನು ಗಡಿಯಲ್ಲಿ ಕಷ್ಟಕ್ಕೆ ಸಿಕ್ಕಿಸಬೇಡಿ.

ಇನ್ನೊಂದು ಮಾತು ಕೊಡಗಿನವರಿಗೆಂದೇ ಬರೆಯಬೇಕಾದದ್ದು. ಹೊರಡುವ ಹಿಂದಿನ ದಿನ ಕುಶಾಲನಗರದಲ್ಲಿ ಗಾಡಿ ತೊಳೆಯಲು ಬಿಟ್ಟಾಗ ಹಿಂದಿನ ಸೀಟಿನ ಅಡಿಯಲ್ಲಿ ಕೋವಿಯ ಎರಡು ತೋಟೆಗಳು ಸಿಕ್ಕವು. ಕೋವಿ, ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ದಿನ ಕುಲದ ಮೂಲಮನೆಯಾದ ಐನ್‌ಮನೆಗೆ ಹೋಗಿಬಂದ ಗಾಡಿಯಲ್ಲಿ ಉರುಳಿ ಉಳಿದವು. ನಮ್ಮಲ್ಲಿ ಕೋವಿಗೆ ಲೈಸೆನ್ಸಿನ ವಿನಾಯಿತಿ ಇರುವುದರಿಂದ ಯಾರೂ ಇದನ್ನು ದೊಡ್ಡದಾಗಿ ನೋಡುವುದಿಲ್ಲ. ಆದರೆ ಆ ವಿನಾಯಿತಿ ಭಾರತದ ಕಾನೂನಿನದು, ಗಡಿಯಾಚೆ ಅದಕ್ಕೆ ಯಾವ ಬೆಲೆಯೂ ಇಲ್ಲ. ಆ ತೋಟೆಗಳು ಸೋನೌಲಿಯಲ್ಲಿಯೋ ಮುಗ್ಲಿಂಗ್‌ನಲ್ಲಿಯೋ ಸಿಕ್ಕಿದ್ದರೆ ನಮ್ಮ ಕಷ್ಟ ದಂಡ ಕಟ್ಟುವುದರಲ್ಲಿ ಮುಗಿಯುತ್ತಿರಲಿಲ್ಲ. ತೋಟದ ಕೆಲಸಕ್ಕೆ ಬಳಸುವ ಗಾಡಿಯಾದರೆ ಸೀಟು ಎತ್ತಿ, ಮ್ಯಾಟ್ ತೆಗೆದು, ಟೂಲ್ ಬಾಕ್ಸ್ ಬರಿದು ಮಾಡಿ ನೋಡಿಯೇ ಹೊರಡಿ. ಕತ್ತಿಯಂಥ ಸಾಮಾನುಗಳನ್ನೂ ಮನೆಯಲ್ಲೇ ಬಿಡಿ.

ಹಿಂದಿರುಗುವಾಗ ಭನ್ಸಾರ್ ಕಾಗದವನ್ನು ಕಚೇರಿಗೆ ಒಪ್ಪಿಸಿ ಗಾಡಿ ಹೊರಹೋಯಿತೆಂದು ಬರೆಸಿಕೊಳ್ಳಬೇಕು, ಇಲ್ಲದಿದ್ದರೆ ಅವರ ದಾಖಲೆಯಲ್ಲಿ ಅದು ಇನ್ನೂ ಅಲ್ಲಿಯೇ ಇರುತ್ತದೆ. ಒಪ್ಪಿಸುವ ಮೊದಲು ನಾನು ಅದರ ಫೋಟೊ ತೆಗೆದುಕೊಂಡೆ. ದೇಖಿ, ಸಮ್ಮ ಎಂಬ ಎರಡು ಪದಗಳ ಕೆಳಗೆ ಗೆರೆ ಎಳೆದು ಮುದ್ರಿಸಿಟ್ಟಿದ್ದೇನೆ. ಪರಿಚಿತರಲ್ಲಿ ಯಾರಾದರೂ ಹೊರಡುವವರಿದ್ದರೆ ಮನೆಗೆ ಬಂದು ನೋಡಿಕೊಂಡು ಹೋಗಬಹುದು. ತಾರೀಕು ಎಣಿಸುವ ಬಗೆಯನ್ನು ಅಮ್ಮ ಹೇಳಿಕೊಡುತ್ತಾರೆ.