ಸಂಪಾಜೆ ಘಾಟಿಯಲ್ಲಿ ಮ್ಯಾನುಯಲ್ ಮತ್ತು ಆಟೊಮ್ಯಾಟಿಕ್

ಆಟೊಮ್ಯಾಟಿಕ್ ಕಾರಿಗೆ ಎಂಜಿನ್ ಶಕ್ತಿ ಕಡಿಮೆ ಎಂಬ ಮಾತು ಮಡಿಕೇರಿಯಲ್ಲಿ ಇಂದಿಗೂ ಕೇಳಿಬರುತ್ತದೆ. ಫೋಕ್ಸ್‌ವ್ಯಾಗನ್ ವರ್ಟಸ್‌ನ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ನೋಡಿ: ಆರು ಗೇರಿನ ಮ್ಯಾನುಯಲ್ ಇರಲಿ, ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇರಲಿ, 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ನನ್ನದು ಮ್ಯಾನುಯಲ್, ಚಿಕ್ಕಪ್ಪನ ಮಗನದು ಡಿಎಸ್‌ಜಿ. ಎರಡನ್ನೂ ಮಡಿಕೇರಿಯಿಂದ ಸುಳ್ಯದ ಕಡೆಗಿನ ಸಂಪಾಜೆ ಘಾಟಿಯಲ್ಲಿ ಹತ್ತಿಸಿ ಇಳಿಸಿದ್ದೇನೆ.

ಈ ಎಂಜಿನ್ ನಿಮಿಷಕ್ಕೆ 1,600 ಸುತ್ತು ತಿರುಗುವಾಗಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಮ್ಯಾನುಯಲ್‌ನಲ್ಲಿ ಕಡಿದಾದ ತಿರುವಿಗೆ ಮೊದಲೇ ಎರಡನೇ ಗೇರ್‌ಗೆ ಇಳಿಸಿಕೊಂಡರೆ, ಸ್ಟೀರಿಂಗ್ ನೇರವಾಗುತ್ತಿದ್ದಂತೆ ಕಾರು ಮುನ್ನುಗ್ಗುತ್ತದೆ. ಡಿಎಸ್‌ಜಿಯನ್ನು ‘ಡಿ’ಯಲ್ಲಿ (ಸಾಮಾನ್ಯ ಡ್ರೈವ್) ಬಿಟ್ಟರೆ ಇಂಧನ ಉಳಿಸಲು ಅದು ಬೇಗ ಮೇಲಿನ ಗೇರ್ ಹಿಡಿಯುತ್ತದೆ; ಆಕ್ಸಿಲರೇಟರ್ ಒತ್ತಿದ ಮೇಲೆ ಗೇರ್ ಇಳಿಯಲು ಅರೆಗಳಿಗೆ ಬೇಕು. ಶಕ್ತಿ ಕಡಿಮೆ ಎಂದು ಜನರಿಗೆ ಅನಿಸುವುದು ಈ ಅರೆಗಳಿಗೆಯಲ್ಲಿ. ‘ಎಸ್’ಗೆ (ಸ್ಪೋರ್ಟ್) ಎಳೆದರೆ ಅದೇ ಕಾರಿನ ಸ್ವಭಾವವೇ ಬದಲಾಗುತ್ತದೆ. ಎರಡು ಕ್ಲಚ್‌ಗಳಿರುವುದರಿಂದ ಮುಂದಿನ ಗೇರ್ ಮೊದಲೇ ಸಿದ್ಧವಾಗಿರುತ್ತದೆ, ಬದಲಾಗುವಾಗ ಎಳೆತ ತುಂಡಾಗುವುದಿಲ್ಲ. ಮರ ಸಾಗಿಸುವ ಲಾರಿಯನ್ನು ಚಿಕ್ಕ ನೇರ ರಸ್ತೆಯಲ್ಲಿ ದಾಟಬೇಕಾದಾಗ ಯಾರ ಕೈಯೂ ಅದರಷ್ಟು ಚುರುಕಲ್ಲ. ಹತ್ತುವ ಆಟದಲ್ಲಿ ಗೆಲುವು ಡಿಎಸ್‌ಜಿಗೆ.

ಮಳೆಗಾಲದಲ್ಲಿ ಇಳಿಯುವಾಗ ಮಾತ್ರ ನನಗೆ ಮ್ಯಾನುಯಲ್ಲೇ ಬೇಕು. ವಿರಾಜಪೇಟೆಯಿಂದ ಕೇರಳದ ಕಡೆಗೆ ಇಳಿಯುವ ಮಾಕುಟ್ಟದ ಕಾಡಿನಲ್ಲಿ ಕೊಳೆತ ಎಲೆ ರಸ್ತೆಗೆ ಅಂಟಿರುತ್ತದೆ, ಮಂಜಿನಲ್ಲಿ ಮುಂದಿನ ತಿರುವು ಕಾಣುವುದಿಲ್ಲ. ಅಲ್ಲಿ ಯಾವ ಗೇರ್‌ನಲ್ಲಿ ಇಳಿಯಬೇಕೆಂದು ನಾನೇ ನಿರ್ಧರಿಸಿ, ಎಂಜಿನ್ನಿನ ತಡೆಯನ್ನು ಪಾದದಡಿ ಅನುಭವಿಸುತ್ತ ಸಾಗುವ ಧೈರ್ಯವೇ ಬೇರೆ.

ಎಲ್ಲ ಕಾರುಗಳಲ್ಲೂ ಅಂಕಿ ಸಮವಿರುವುದಿಲ್ಲ. ಮಹೀಂದ್ರ ಥಾರ್ ಪೆಟ್ರೋಲ್‌ನಲ್ಲಿ ಶಕ್ತಿ ಎರಡಕ್ಕೂ 150 ಪಿಎಸ್ ಆದರೂ ಟಾರ್ಕ್ ಮ್ಯಾನುಯಲ್‌ಗೆ 300, ಆಟೊಮ್ಯಾಟಿಕ್‌ಗೆ 320 ನ್ಯೂಟನ್ ಮೀಟರ್. 2021ರಲ್ಲಿ ಬಂದ ಬಿಎಂಡಬ್ಲ್ಯು ಎಂ3ಯಲ್ಲಿ ಅಂತರ ಇನ್ನೂ ದೊಡ್ಡದು: ಮ್ಯಾನುಯಲ್‌ಗೆ 480 ಪಿಎಸ್, 550 ನ್ಯೂಟನ್ ಮೀಟರ್, ಆಟೊಮ್ಯಾಟಿಕ್ ಇರುವ ಕಾಂಪಿಟಿಷನ್‌ಗೆ 510 ಪಿಎಸ್, 650 ನ್ಯೂಟನ್ ಮೀಟರ್. ಗೇರ್‌ಬಾಕ್ಸ್ ಎಷ್ಟು ಟಾರ್ಕ್ ತಾಳಬಲ್ಲದು ಎಂಬುದನ್ನು ನೋಡಿಕೊಂಡೇ ತಯಾರಕರು ಎಂಜಿನ್ನಿಗೆ ಮಿತಿ ಹಾಕುತ್ತಾರೆ.

ಎತ್ತರದ ಲೆಕ್ಕವೂ ಇದೆ. ಮಡಿಕೇರಿ 1,100 ಮೀಟರಿಗಿಂತ ಮೇಲಿದೆ. ಗಾಳಿ ತೆಳುವಾದ್ದರಿಂದ ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದನ್ನು ಬಹುಪಾಲು ಸರಿದೂಗಿಸುತ್ತದೆ. ಗೇರ್‌ಬಾಕ್ಸ್‌ಗಿಂತ ಮೊದಲು ಟರ್ಬೊ ಇದೆಯೇ ಎಂದು ವಿಚಾರಿಸಿ.

ಕೊಡಗಿನಲ್ಲೇ ವರ್ಷವಿಡೀ ಓಡಿಸುವವರಿಗೆ ನಾನು ಹೇಳುವುದು ಮ್ಯಾನುಯಲ್. ಡಿಎಸ್‌ಜಿಯೇ ಇಷ್ಟವಾದರೆ ತೆಗೆದುಕೊಳ್ಳಿ, ಆದರೆ ವಾರಾಂತ್ಯದ ಸಾಲಿನಲ್ಲಿ ಏರಿನ ಮೇಲೆ ಸಿಕ್ಕಿಕೊಂಡಾಗ ಆಕ್ಸಿಲರೇಟರ್‌ನಿಂದ ಕಾರನ್ನು ಹಿಡಿದು ನಿಲ್ಲಿಸಬೇಡಿ. ಅದರ ಒಣ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದದ್ದು) ಬಿಸಿಯಾಗುತ್ತದೆ. ಬ್ರೇಕ್ ಒತ್ತಿ ನಿಲ್ಲಿ, ಮುಂದೆ ಜಾಗ ತೆರವಾದ ಮೇಲೆ ಒಂದೇ ಸಲಕ್ಕೆ ಹೊರಡಿ.