ಅಮೆರಿಕದ ಪಬ್ಲಿಕ್ (ಸರ್ಕಾರಿ) ಶಾಲೆಯ ವಿಶೇಷ ಶಿಕ್ಷಣ: ಐದು ವರ್ಷ ಬಳಸಿದ ಮೇಲೆ

ನನ್ನ ಮಗನಿಗೆ ಮೂರು ವರ್ಷ ತುಂಬುವ ಮುನ್ನವೇ ಆಟಿಸಂ ಇದೆಯೆಂದು ವೈದ್ಯರು ಖಚಿತಪಡಿಸಿದ್ದರು. ಈಗ ಅವನಿಗೆ ಎಂಟು. ಈ ಐದು ವರ್ಷ ನಾವಿರುವ ಊರಿನ ಸ್ಕೂಲ್ ಡಿಸ್ಟ್ರಿಕ್ಟ್ (ಸ್ಥಳೀಯ ಸರ್ಕಾರಿ ಶಾಲೆಗಳ ಆಡಳಿತ ಘಟಕ) ಅವನಿಗೆ ಒದಗಿಸಿದ ವಿಶೇಷ ಶಿಕ್ಷಣವನ್ನು ಹತ್ತಿರದಿಂದ ನೋಡಿದ್ದೇನೆ. ಹೊಸದಾಗಿ ಬಂದ ಕನ್ನಡದ ಕುಟುಂಬಗಳಲ್ಲಿ ಕೆಲವರು ಈ ಸೇವೆಯನ್ನು ಕೇಳಲು ಹಿಂಜರಿಯುತ್ತಾರೆ, ಇನ್ನು ಕೆಲವರು ಎಲ್ಲವನ್ನೂ ಶಾಲೆಗೆ ಬಿಟ್ಟು ಸುಮ್ಮನಾಗುತ್ತಾರೆ. ಇಬ್ಬರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಈ ಸೇವೆಯ ಬೇರು 1975ರ ಒಂದು ಕೇಂದ್ರ ಕಾಯ್ದೆಯಲ್ಲಿದೆ. 1990ರಲ್ಲಿ ಅದಕ್ಕೆ ಐಡಿಇಎ, ಅಂದರೆ ಅಂಗವೈಕಲ್ಯವಿರುವವರ ಶಿಕ್ಷಣ ಕಾಯ್ದೆ, ಎಂಬ ಹೊಸ ಹೆಸರು ಬಂತು. ಅರ್ಹತೆ ಪಡೆದ ಮಗುವಿಗೆ ಮೂರನೆಯ ವರ್ಷದಿಂದಲೇ ಉಚಿತವಾಗಿ, ಅದಕ್ಕೆ ತಕ್ಕುದಾದ ಶಿಕ್ಷಣವನ್ನು ಸಾಧ್ಯವಾದಷ್ಟೂ ಉಳಿದ ಮಕ್ಕಳ ಜೊತೆಯಲ್ಲೇ ಕೊಡಬೇಕೆಂಬುದು ಅದರ ತಿರುಳು. ತಂದೆತಾಯಿಯ ವೀಸಾ ಯಾವುದು ಎಂಬುದು ಈ ಹಕ್ಕಿಗೆ ಅಡ್ಡಿಯಾಗುವುದಿಲ್ಲ. ಪೋಷಕರು ಒಪ್ಪಿಗೆಗೆ ಸಹಿ ಹಾಕಿದ ದಿನದಿಂದ, ರಾಜ್ಯವು ಬೇರೆ ಗಡುವು ಇಟ್ಟಿರದಿದ್ದರೆ, 60 ದಿನಗಳೊಳಗೆ ಮಗುವಿನ ಅರ್ಹತೆಯನ್ನು ನಿರ್ಧರಿಸುವ ಮೌಲ್ಯಮಾಪನ ಮುಗಿಯಬೇಕು. ನಮ್ಮದು ಗಡುವಿನೊಳಗೇ ಮುಗಿಯಿತು.

ಆದರೆ ಆ ಮೊದಲ ಮೌಲ್ಯಮಾಪನ ಇಡಿಯಾಗಿ ಇಂಗ್ಲಿಷಿನಲ್ಲಿ ನಡೆದದ್ದೇ ನಮಗಾದ ದೊಡ್ಡ ನಷ್ಟ. ಮನೆಯಲ್ಲಿ 'ಚಮಚ ಎಲ್ಲಿ?' ಎಂದರೆ ಓಡಿಹೋಗಿ ತರುತ್ತಿದ್ದ ಹುಡುಗ, ಅದೇ ವಸ್ತುವಿನ ಇಂಗ್ಲಿಷ್ ಹೆಸರು ಕೇಳಿ ಗೋಡೆ ನೋಡುತ್ತ ಕುಳಿತಿದ್ದ. ಚಂದ್ರನ ಚಿತ್ರ ತೋರಿಸಿದಾಗ ಅವನು ಸ್ಪಷ್ಟವಾಗಿ 'ಚಂದಮಾಮ' ಎಂದದ್ದನ್ನು ಅರ್ಥವಿಲ್ಲದ ಉಚ್ಚಾರವೆಂದು ಬರೆದುಕೊಂಡರು. ಸಾಧ್ಯವಿರುವಾಗಲೆಲ್ಲ ಮಗುವಿಗೆ ಬರುವ ಭಾಷೆಯಲ್ಲೇ ಪರೀಕ್ಷಿಸಬೇಕೆಂದು ಕಾಯ್ದೆ ಹೇಳುತ್ತದೆಂಬುದು ಆಗ ನಮಗೆ ತಿಳಿದಿರಲಿಲ್ಲ, ಶಾಲೆಯವರೂ ಹೇಳಲಿಲ್ಲ. ಅಷ್ಟಕ್ಕೇ ನಿಲ್ಲದೆ, ಮೌಲ್ಯಮಾಪನ ತಂಡದ ಒಬ್ಬರು ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿರೆಂದು ಸಲಹೆ ಕೊಟ್ಟರು. ಎಂಟು ತಿಂಗಳು ಹಾಗೆಯೇ ಮಾಡಿದೆವು. ಆ ಎಂಟು ತಿಂಗಳಲ್ಲಿ ಅವನ ಇಂಗ್ಲಿಷ್ ಹೇಳಿಕೊಳ್ಳುವಷ್ಟು ಬೆಳೆಯಲಿಲ್ಲ, ವಿಡಿಯೋ ಕರೆಯಲ್ಲಿ ಅಜ್ಜಿಯೊಂದಿಗಿನ ಮಾತು ಮಾತ್ರ ನಿಂತುಹೋಯಿತು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹೆಚ್ಚು ಹಿಂದೆ ಬೀಳುತ್ತದೆಂಬುದಕ್ಕೆ ಸಂಶೋಧನೆಯ ಆಧಾರವಿಲ್ಲವೆಂದು ಅದೇ ಶಾಲೆಗೆ ಮುಂದಿನ ವರ್ಷ ಬಂದ ಸ್ಪೀಚ್ ಥೆರಪಿಸ್ಟ್ ವಿವರಿಸಿದ ದಿನವೇ ಮನೆಗೆ ಕನ್ನಡ ಮರಳಿತು.

ಆ ಥೆರಪಿಸ್ಟರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಚಿತ್ರಗಳನ್ನು ಮುಟ್ಟಿದರೆ ಮಾತನಾಡುವ ಟ್ಯಾಬ್ಲೆಟ್ಟನ್ನು ಶಾಲೆಯ ಖರ್ಚಿನಲ್ಲೇ ಕೊಡಿಸಿ, ಅದರಲ್ಲಿ 'ಅಜ್ಜಿ', 'ಬೇಡ', 'ಇನ್ನೂ ಬೇಕು' ಎಂಬ ಪದಗಳನ್ನು ನನ್ನ ದನಿಯಲ್ಲಿ ತುಂಬಿಸಿದರು. ಸದ್ದಿಗೆ ಹೆದರಿ ಊಟದ ಹಾಲ್ ಬಿಟ್ಟು ಓಡುತ್ತಿದ್ದ ಮಗು ಈಗ ಆ ಹಾಲಿನ ಮೂಲೆಯ ಮೇಜಿನಲ್ಲಿ ಇಬ್ಬರು ಗೆಳೆಯರೊಂದಿಗೆ ಕೂತು ಉಣ್ಣುತ್ತಾನೆ. ವಿಶೇಷ ಶಿಕ್ಷಕಿ ಮತ್ತು ದಿನನಿತ್ಯದ ಕೆಲಸಗಳ ಕೌಶಲ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟರದ್ದೂ ಅಷ್ಟೇ ನಿಷ್ಠೆಯ ಕೆಲಸ. ಬಸ್ಸಿನ ವ್ಯವಸ್ಥೆ ಚೆನ್ನಾಗಿದೆ.

ಕೊರತೆ ಇರುವುದು ಹುದ್ದೆಗಳು ಖಾಲಿಯಾದಾಗ. ಒಂದು ಚಳಿಗಾಲದಲ್ಲಿ ಸ್ಪೀಚ್ ಥೆರಪಿಸ್ಟ್ ರಜೆಗೆ ಹೋದಾಗ ಹತ್ತು ವಾರ ಯಾರೂ ಬರಲಿಲ್ಲ. ವಾರಕ್ಕೆ ಎರಡು ಬಾರಿ ಮೂವತ್ತು ನಿಮಿಷ ಎಂದು ಐಇಪಿಯಲ್ಲಿ, ಅಂದರೆ ಮಗುವಿಗಾಗಿಯೇ ಸಿದ್ಧಪಡಿಸುವ ಶಿಕ್ಷಣ ಯೋಜನೆಯಲ್ಲಿ, ಬರೆದಿದ್ದರೂ ಅದು ನಡೆಯುತ್ತಿಲ್ಲವೆಂಬುದು ನಮಗೆ ತಿಳಿದದ್ದು ಪ್ರಗತಿ ವರದಿ ಕೈಸೇರಿದ ಮೇಲೆ. ಬಾಯಿಮಾತಿನಲ್ಲಿ ಕೇಳಿದಾಗ ಸಮಾಧಾನದ ಮಾತು ಸಿಕ್ಕಿತು; ದಿನಾಂಕ ಹಾಕಿ, ತಪ್ಪಿಹೋದ ಸೆಷನ್‌ಗಳ ಲೆಕ್ಕ ಕೊಟ್ಟು ಇಮೇಲ್ ಬರೆದಾಗ ಅವಷ್ಟನ್ನೂ ಬೇಸಿಗೆಯಲ್ಲಿ ತುಂಬಿಕೊಟ್ಟರು. ಹೀಗೆ ಬರೆಯಲು ಇಂಗ್ಲಿಷ್, ಬಿಡುವು, ಧೈರ್ಯ ಮೂರೂ ಇಲ್ಲದ ಪೋಷಕರ ಮಕ್ಕಳಿಗೆ ಆ ಗಂಟೆಗಳು ಮರಳಿ ಸಿಕ್ಕಿರಲಾರವು ಎಂಬ ಯೋಚನೆ ನನ್ನನ್ನು ಈಗಲೂ ಕಾಡುತ್ತದೆ. ವಿಶೇಷ ಶಿಕ್ಷಣ ಪಡೆಯುವ ಪ್ರತಿ ಮಗುವಿಗೆ, ಒಬ್ಬ ವಿದ್ಯಾರ್ಥಿಗೆ ದೇಶದಲ್ಲಿ ತಗಲುವ ಸರಾಸರಿ ವೆಚ್ಚದ ಶೇಕಡಾ 40ರವರೆಗೆ ಕೇಂದ್ರವೇ ಭರಿಸುವುದೆಂಬ 1975ರ ಮಾತು ಇಂದಿಗೂ ಈಡೇರಿಲ್ಲ, ಆದ್ದರಿಂದ ಇದು ಒಂದು ಶಾಲೆಯ ತಪ್ಪಷ್ಟೇ ಅಲ್ಲ.

ಐಇಪಿ ಸಭೆಗೆ ಹೋಗುವವರು ಮುಖ್ಯವಾಗಿ ತಿಳಿದಿರಬೇಕಾದದ್ದು, ಅಲ್ಲಿ ಪೋಷಕರು ಅತಿಥಿಗಳಲ್ಲ, ತಂಡದ ಸದಸ್ಯರು. ಅಗತ್ಯವಿದ್ದರೆ ದುಭಾಷಿಯನ್ನು ಶಾಲೆಯೇ ಒದಗಿಸಬೇಕು. ಮೌಲ್ಯಮಾಪನ ಒಪ್ಪಿಗೆಯಾಗದಿದ್ದರೆ ಹೊರಗಿನ ತಜ್ಞರಿಂದ ಸಾರ್ವಜನಿಕ ಖರ್ಚಿನಲ್ಲಿ ಮತ್ತೊಂದನ್ನು ಕೇಳಬಹುದು. ಆಗ ಶಾಲೆ ಅದನ್ನು ಒದಗಿಸಬೇಕು, ಇಲ್ಲವೇ ವಿಚಾರಣೆಗೆ ಹೋಗಿ ತನ್ನ ಮೌಲ್ಯಮಾಪನ ಸರಿಯೆಂದು ತೋರಿಸಬೇಕು. ಆಟಿಸಂ ಇದ್ದ ಎಂಡ್ರೂ ಎಂಬ ಬಾಲಕನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ, ನೆಪಮಾತ್ರದ ಪ್ರಗತಿ ಸಾಲದು, ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಸಾಧ್ಯವಾಗುವಂತೆ ಐಇಪಿ ಇರಬೇಕು ಎಂದು ಸ್ಪಷ್ಟಪಡಿಸಿತು. ಮೂರು ವರ್ಷ ಒಂದೇ ಗುರಿಯನ್ನು ನಕಲು ಮಾಡಿದ್ದ ನಮ್ಮ ಐಇಪಿಯನ್ನು ಬದಲಿಸಿಕೊಳ್ಳಲು ನನಗೆ ನೆರವಾದದ್ದು ಈ ತೀರ್ಪು.

ಕಲಿಸುವವರಿಗೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ, ಪೋಷಕರಿಗೆ ಮಾಹಿತಿ ಕೊಡುವ ವಿಷಯದಲ್ಲಿ ಎರಡಕ್ಕಿಂತ ಹೆಚ್ಚು ಕೊಡಲಾರೆ. ಮೂರು ವರ್ಷಕ್ಕೊಮ್ಮೆಯಾದರೂ ಆಗಬೇಕಾದ ಮರುಮೌಲ್ಯಮಾಪನ ಮುಂದಿನ ವರ್ಷವಿದೆ. ಅದನ್ನು ಕನ್ನಡ ಬಲ್ಲವರ ನೆರವಿನಿಂದಲೇ ನಡೆಸಬೇಕೆಂಬ ಕೋರಿಕೆಯನ್ನು ಕಳೆದ ವಾರ ಲಿಖಿತವಾಗಿ ಸಲ್ಲಿಸಿದ್ದೇನೆ.