ದಿನಾ 80 ಕಿಲೋಮೀಟರ್, ಕಡೂರಿಂದ ಚಿಕ್ಕಮಗಳೂರಿಗೆ: ಎಲೆಕ್ಟ್ರಿಕ್ ಸ್ಕೂಟರ್ 51,000 ಓಡಿದ ಮೇಲೆ

ಗಾಡಿ ತಗೊಂಡಿದ್ದಕ್ಕೆ ಬೇಜಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ತಗೊಳ್ಳುವಾಗ ನೋಡಬೇಕಾದ್ದು ಒಂದನ್ನೂ ನೋಡಿರಲಿಲ್ಲ.

ಮನೆ ಕಡೂರಲ್ಲಿ. ಕೆಲಸ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವುದು. ಹೋಗಲು 40, ಬರಲು 40 ಕಿ.ಮೀ. ಬಸ್ಸು ಬೇಕಾದಷ್ಟಿದೆ, ನನ್ನ ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಫ್ರೀ ಕೂಡ, ನನಗೆ ಮಾತ್ರ ಇಲ್ಲ. ಮೊದಲು ಪೆಟ್ರೋಲ್ ಸ್ಕೂಟರ್ ಇತ್ತು, ಲೀಟರಿಗೆ 48 ಕೊಡುತ್ತಿತ್ತು, ತಿಂಗಳಿಗೆ ನಾಲ್ಕು ಸಾವಿರ ಅದರ ಹೊಟ್ಟೆಗೇ ಹೋಗುತ್ತಿತ್ತು.

2023ರ ಮೇ ಕೊನೆಯಲ್ಲಿ ತಗೊಂಡೆ. ಜೂನ್ 1ರಿಂದ ಎಲೆಕ್ಟ್ರಿಕ್ ಗಾಡಿಗೆ ಕೇಂದ್ರ ಕೊಡುತ್ತಿದ್ದ ಫೇಮ್ ಸಬ್ಸಿಡಿ, ಬ್ಯಾಟರಿಯ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಇದ್ದದ್ದು 10,000ಕ್ಕೆ ಇಳಿಯುತ್ತದೆ ಅಂತ ಗೊತ್ತಾಗಿ ಷೋರೂಮ್ ತುಂಬ ಸಂತೆ ತರ ಜನ, ಆ ಗಡಿಬಿಡಿಯಲ್ಲಿ ಬಸ್ ಸ್ಟ್ಯಾಂಡ್ ತನಕ ಒಂದು ರೌಂಡ್ ಹೊಡೆದು ಪಿಕಪ್ ನೋಡಿ ಖುಷಿಯಾಗಿ ದುಡ್ಡು ಕಟ್ಟಿಬಿಟ್ಟೆ. 3.7 ಕಿಲೋವ್ಯಾಟ್ ಅವರ್ ಬ್ಯಾಟರಿ. ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೂ ಇದೇ ಕಿಲೋವ್ಯಾಟ್ ಅವರ್, ಹಾಗಾಗಿ 3.7 ಯೂನಿಟ್ ಹಿಡಿಸುವ ಡಬ್ಬಿ ಅಂತ ಇಟ್ಟುಕೊಳ್ಳಿ. ಒಂದು ಫುಲ್ ಚಾರ್ಜಿಗೆ ಇಷ್ಟು ದೂರ ಅಂತ ಕಂಪನಿ ಹೇಳುವ ಐಡಿಸಿ ರೇಂಜ್ ಪರೀಕ್ಷೆಯ ಲೆಕ್ಕ, ನಮ್ಮ ರೋಡಿನದಲ್ಲ. ನನಗೆ ನಿಜವಾಗಿ ಸಿಕ್ಕಿದ್ದು 90ರಿಂದ 100 ಕಿ.ಮೀ., ಅದೂ 45-50ರ ವೇಗದಲ್ಲಿ ಹೋದರೆ.

80 ಓಡಿಸುವವನಿಗೆ 95 ಸಾಕಲ್ವಾ ಅಂತ ನಾನೂ ಅಂದುಕೊಂಡಿದ್ದೆ.

ಮೊದಲನೇ ವಿಷಯ, ಚಿಕ್ಕಮಗಳೂರು ಕಡೂರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಬಸ್ಸಲ್ಲಿ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ, ಘಾಟಿ ಅಲ್ಲವಲ್ಲ, ಸುಮ್ನೆ ಉದ್ದಕ್ಕೂ ಸಣ್ಣಗೆ ಏರುತ್ತಾ ಹೋಗುತ್ತದೆ. ಗಾಡಿ, ನಾನು, ಬ್ಯಾಗು, ಊಟದ ಡಬ್ಬಿ ಎಲ್ಲ ಸೇರಿ ಹತ್ತಿರ ಹತ್ತಿರ 200 ಕೆ.ಜಿ. ಇಷ್ಟನ್ನು ಅಲ್ಲಿಗೆ ಎತ್ತಲಿಕ್ಕೇ ಬ್ಯಾಟರಿಯ ಐದಾರು ಪರ್ಸೆಂಟ್ ಬೇಕು. ಸಂಜೆ ಇಳಿಯುವಾಗ ಚಾರ್ಜ್ ವಾಪಸ್ ಬರುತ್ತದೆ ಅಂತ ಷೋರೂಮಿನ ಹುಡುಗ ಹೇಳಿದ್ದ. ಬರುವುದು ಎರಡೋ ಮೂರೋ ಪರ್ಸೆಂಟ್. ಅದಕ್ಕಿಂತ ಇಳಿಜಾರಲ್ಲಿ ಆಕ್ಸಿಲೇಟರ್ ಕಮ್ಮಿ ಕೊಡುತ್ತೇವಲ್ಲ, ಉಳಿತಾಯ ಆಗುವುದು ಅಲ್ಲಿ. ಮಾಮೂಲಿ ದಿನ ಬೆಳಿಗ್ಗೆ 50 ಪರ್ಸೆಂಟ್ ಖಾಲಿ, ಸಂಜೆ 35.

ಎರಡನೇದು ಆಷಾಢದ ಗಾಳಿ. ಇದನ್ನು ಯಾವ ಯೂಟ್ಯೂಬ್ ವಿಮರ್ಶೆಯಲ್ಲೂ ಯಾರೂ ಹೇಳಲಿಲ್ಲ. ಬಯಲುಸೀಮೆ ಕಡೆಯವರಿಗೆ ಗೊತ್ತು, ಜೂನ್-ಜುಲೈನಲ್ಲಿ ಕಡೂರಲ್ಲಿ ಮಳೆ ಬರಲಿ ಬಿಡಲಿ, ಗಾಳಿ ಮಾತ್ರ ತೆಂಗಿನ ಗರಿ ಹರಿದು ಹಾಕುವ ಹಾಗೆ ಬೀಸುತ್ತದೆ. ಅದು ನೈಋತ್ಯದಿಂದ ಬರುವ ಗಾಳಿ. ನಾನು ಬೆಳಿಗ್ಗೆ ಹೋಗುವುದೂ ನೈಋತ್ಯಕ್ಕೇ, ಅಂದರೆ ಏರು ಬೇರೆ, ಎದುರುಗಾಳಿ ಬೇರೆ. 40ರಲ್ಲಿ ಹೋಗುವಾಗ 20ರ ಗಾಳಿ ಎದುರು ಬಂದರೆ ಗಾಡಿಗೆ ತಾಗುವುದು 60ರ ಗಾಳಿ. ವೇಗ ಒಂದೂವರೆ ಪಟ್ಟಾದರೆ ಗಾಳಿಯ ತಡೆ ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ. ಅಂಥ ದಿನ ಆಫೀಸ್ ಮುಟ್ಟುವಾಗ ಉಳಿದ ಚಾರ್ಜ್ 38 ಪರ್ಸೆಂಟ್ ತೋರಿಸುತ್ತಿತ್ತು. ನಮ್ಮ ಯಜಮಾನರು ಒಳ್ಳೆಯವರು, ಗೋಣಿಚೀಲ ಹೊಲಿಯುವ ಮೆಷಿನ್ ಪಕ್ಕದ 5 ಆಂಪ್ ಪ್ಲಗ್ಗಿನಲ್ಲಿ ಚಾರ್ಜ್ ಹಾಕಿಕೋ ಅಂದರು. ಮಧ್ಯಾಹ್ನದ ತನಕ ಸಾಕಷ್ಟು ತುಂಬುತ್ತದೆ.

ಆದರೆ ಒಂದು ದಿನ ಎಲ್ಲೋ ಕೊಂಬೆ ಬಿದ್ದು ಬೆಳಿಗ್ಗೆಯಿಂದ ಸಂಜೆ ತನಕ ಕರೆಂಟಿಲ್ಲ. 36ಕ್ಕೇ ಹೊರಟೆ. ಹಿಂದಿನಿಂದ ಗಾಳಿ ತಳ್ಳುತ್ತದೆ, ತಲುಪಿಬಿಡಬಹುದು ಅಂತ ಧೈರ್ಯ. ಸಖರಾಯಪಟ್ಟಣಕ್ಕೆ ಬರುವಾಗ 17. ಉಳಿದ ಅರ್ಧ ದಾರಿ ನೆನೆಸಿಕೊಂಡು ಎದೆ ಢವಢವ ಅಂತು. ರೋಡಿನ ಪಕ್ಕ ಟೀ ಅಂಗಡಿ, ಅಲ್ಲಿದ್ದ ಅಕ್ಕನನ್ನು ಒಂದು ಪ್ಲಗ್ ಕೊಡ್ತೀರಾ ಅಂತ ಕೇಳಿದೆ. ಫ್ರಿಡ್ಜ್ ವೈರ್ ಕಿತ್ತು ಜಾಗ ಮಾಡಿಕೊಟ್ಟರು. ಮುಕ್ಕಾಲು ಗಂಟೆಗೆ ಏರಿದ್ದು 12 ಪರ್ಸೆಂಟ್, ಅಷ್ಟರಲ್ಲಿ ನಾನು ಎರಡು ಟೀ, ನಾಲ್ಕು ಮೆಣಸಿನಕಾಯಿ ಬಜ್ಜಿ ಮುಗಿಸಿದ್ದೆ. ಎಷ್ಟಾಯ್ತು ಅಂದರೆ ಅವರು, "ಬಜ್ಜಿಗೆ ಹೇಳ್ತೀನಿ, ಕರೆಂಟಿಗೆ ಎಷ್ಟು ಅಂತ ನೀವೇ ಹೇಳಿ ಅಣ್ಣಾ, ನಂಗೆ ಗೊತ್ತಿಲ್ಲ." ಅರ್ಧ ಯೂನಿಟ್ಟು, ಮೂರು ನಾಲ್ಕು ರೂಪಾಯಿ. ಇಪ್ಪತ್ತು ಕೊಟ್ಟೆ. ಅವತ್ತಿಂದ ಪೋರ್ಟಬಲ್ ಚಾರ್ಜರ್ ಸೀಟಿನಡಿಯಿಂದ ಹೊರಗೆ ತೆಗೆದಿಲ್ಲ, ಹೆಲ್ಮೆಟ್ ಇಡಲು ಜಾಗ ಇಲ್ಲದಿದ್ದರೂ ಪರವಾಗಿಲ್ಲ.

ದುಡ್ಡಿನ ಲೆಕ್ಕ ಹೇಳುತ್ತೇನೆ, ನನ್ನ ಕೆಲಸವೇ ಅದಲ್ವಾ. ಚಾರ್ಜರಲ್ಲಿ ಪೋಲಾಗುವುದೂ ಸೇರಿ ದಿನಕ್ಕೆ ಮೂರೂವರೆ ಯೂನಿಟ್, ತಿಂಗಳಿಗೆ 85-90. ಗೃಹಜ್ಯೋತಿ ಇದೆ, ಎಲ್ಲ ಫ್ರೀ ಅಂದುಕೊಂಡಿದ್ದೆ. ಹಾಗಲ್ಲ. ನಮ್ಮ ಮನೆಯ ಹಳೇ ಸರಾಸರಿ 52 ಯೂನಿಟ್, ಮೇಲೆ ಹತ್ತು ಪರ್ಸೆಂಟ್ ಸೇರಿಸಿ 57ರ ತನಕ ಫ್ರೀ. ಸ್ಕೂಟರ್ ತಿನ್ನುವುದಷ್ಟಕ್ಕೂ ಬಿಲ್ ಬರುತ್ತದೆ, ಸುಮಾರು 600 ರೂಪಾಯಿ. ಮನೆ ಬಳಕೆ ಈಗಾಗಲೇ 120-130 ಇರುವವರು ಜೋಪಾನ, ಗಾಡಿ ಸೇರಿ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಅಷ್ಟಾದರೂ ಪೆಟ್ರೋಲಿಗೆ ಹೋಲಿಸಿದರೆ ನನಗೆ ತಿಂಗಳಿಗೆ ಮೂರೂವರೆ ಸಾವಿರ ಉಳಿಯುತ್ತಿದೆ.

ಉಳಿದಿದ್ದರಲ್ಲಿ ಒಂದಷ್ಟು ವಾರಂಟಿಗೆ ಹೋಯಿತು. ಕಾರ್ಡಿನಲ್ಲಿ ಮೂರು ವರ್ಷ ಅಥವಾ 30,000 ಕಿ.ಮೀ., ಯಾವುದು ಮೊದಲೋ ಅದು ಅಂತಿತ್ತು. ಮೂರು ವರ್ಷ ಅನ್ನುವುದಷ್ಟೇ ನನ್ನ ಕಣ್ಣಿಗೆ ಬಿದ್ದಿದ್ದು. ತಿಂಗಳಿಗೆ 1,900 ಓಡಿಸುವವನಿಗೆ ಅದು 16 ತಿಂಗಳಿಗೇ ಮುಗಿಯುತ್ತದೆ. 8 ವರ್ಷ ಅಥವಾ 80,000 ಕಿ.ಮೀ. ತನಕ ಹೆಚ್ಚುವರಿ ವಾರಂಟಿ ಮಾರುತ್ತಾರೆ, ನಮ್ಮಂಥವರು ಅದನ್ನು ಸೇರಿಸಿಯೇ ಗಾಡಿಯ ಬೆಲೆ ಅಂತ ಲೆಕ್ಕ ಹಾಕಬೇಕು. ನಾನು ಕೊನೇ ವಾರದಲ್ಲಿ ಓಡಿಹೋಗಿ ಮಾಡಿಸಿದೆ. ಒಳ್ಳೆಯದೇ ಆಯಿತು, 34,000ಕ್ಕೆ ಗಾಡಿಯೊಳಗಿನ ಒಂದು ಕಂಟ್ರೋಲರ್ ಕೆಟ್ಟಿತು. ದುಡ್ಡು ಕೇಳಲಿಲ್ಲ, ಸಾಮಾನು ಬರಲು 11 ದಿನ ತಗೊಂಡರು. "ನಾಳೆ ಬರುತ್ತೆ ಸಾರ್" ಅನ್ನುವುದನ್ನು ಎಂಟು ಸಲ ಕೇಳಿದೆ. 11 ದಿನವೂ ಬಸ್ಸು, ನಿಂತುಕೊಂಡೇ.

ಉಳಿದಂತೆ ಹಿಂದಿನ ಟೈರ್ ಎರಡು ಸಲ, ಬ್ರೇಕ್ ಪ್ಯಾಡ್ ಮೂರು ಸಲ ಹಾಕಿಸಿದೆ. ಬೇಸಿಗೆ ಧೂಳಿಗೆ ಬೆಲ್ಟ್ ಕಿರ್ ಅನ್ನುತ್ತದೆ. ಮಳೆಯಲ್ಲಿ ಒಂದು ದಿನವೂ ನಿಂತಿಲ್ಲ. ಬ್ಯಾಟರಿ ಫುಲ್ ಇದ್ದಾಗ ಮೊದಲಿಗಿಂತ ಎಂಟು ಕಿ.ಮೀ. ಕಮ್ಮಿ ಓಡುತ್ತದೆ ಈಗ.

ಬೀರೂರಿನ ನನ್ನ ಭಾಮೈದ ಅವನೂ ತಗೊಳ್ಳುತ್ತಾನಂತೆ, ಕೆಲಸ ಚಿಕ್ಕಮಗಳೂರಲ್ಲೇ. ಷೋರೂಮಿನವರನ್ನು ಊರ ರೌಂಡ್ ಬೇಡ, ಚಿಕ್ಕಮಗಳೂರಿನ ತನಕ ಗಾಡಿ ಕೊಡಿ ಅಂತ ಕೇಳು ಅಂದೆ. ಕೊಡಲಿಲ್ಲ. ಹೋದ ಭಾನುವಾರ ನನ್ನ ಗಾಡಿಯನ್ನೇ ತಗೊಂಡು ಹೋದ, ಗಾಳಿ ಜೋರಿತ್ತು. ಅಲ್ಲಿ ತಲುಪಿ ಫೋನ್ ಮಾಡಿದ: "ಭಾವ, 31 ತೋರಿಸ್ತಾ ಇದೆ. ಪ್ಲಗ್ ಎಲ್ಲಿದೆ?"